ಉಪ್ಪು ನೋಡದ ಪಾಸ್ತಾ

"ಪನೀರೇ ಹಾಕು. ಅದೂ ಬೆಳ್ಳಗೇ ಇರತ್ತೆ, ಗೊತ್ತಾಗಲ್ಲ," ಎಂದ ಗಂಡ.

"ನಿಮ್ಮ ಮಗಳಿಗೆ ಗೊತ್ತಾಗತ್ತೆ ಕಣ್ರೀ. ಹಾಲಿನದ್ದು ಏನೂ ಮುಟ್ಟಲ್ಲ ಅವಳು. ಸೋಯಾದ ತೋಫೂನೇ ಬೇಕು."

ಅವನು ಗೊಣಗುತ್ತಲೇ ಪೇಟೆಯೆಲ್ಲ ಸುತ್ತಿ ತಂದುಕೊಟ್ಟ. ಹೆಂಡತಿ ತೋಫುವಿನ ನೀರು ಒತ್ತಿ ತೆಗೆದು, ತುಂಡು ಮಾಡಿ, ಕೆಂಪಗೆ ಹುರಿದಳು. ಟೊಮ್ಯಾಟೊ, ಬೆಳ್ಳುಳ್ಳಿ ಬೆಂದ ಮೇಲೆ ಬಸಿದಿಟ್ಟ ಪಾಸ್ತಾ ಬೆರೆಸಿದಳು. ಇದನ್ನು ಮಾಡುತ್ತಿದ್ದದ್ದು ಇದೇ ಮೊದಲು. ಸೌಟಿನಿಂದ ಮತ್ತೆ ಮತ್ತೆ ತಿರುವಿದಳು.

"ಉಪ್ಪು ಸಾಕೋ ಏನೋ."

"ಒಂಚೂರು ಬಾಯಿಗೆ ಹಾಕ್ಕೊಂಡು ನೋಡೇ."

"ಚೆನ್ನಾಗಿ ಹೇಳಿದ್ರಿ! ಅವಳು ತಿನ್ನೋಕೆ ಮುಂಚೆ ನಾನು ತಿನ್ನೋದಾ?"

ಗಂಡ ತಾನೇ ಒಂದು ಚಿಟಿಕೆ ಮೆಣಸಿನಪುಡಿ ಉದುರಿಸಿದ. "ಖಾರ ಕಮ್ಮಿ ಆದ್ರೆ ಮುಖ ಸಿಂಡರಿಸ್ತಾಳೆ."

ಇಬ್ಬರೂ ನಕ್ಕರು.

ಮಗಳಿಗೆಂದು ಕೊಂಡ ಹೊಸ ಕುರ್ತಾವನ್ನು ಅವನು ಮಡಿಕೆ ಕೆಡದಂತೆ ತಂದಿಟ್ಟ. ಹೆಂಡತಿ ಬಾಳೆಲೆ ತೊಳೆದು, ಪಾಸ್ತಾವನ್ನು ಹಬೆಯಾಡುತ್ತಿದ್ದಂತೆಯೇ ತುಂಬ ಬಡಿಸಿದಳು.

ಎಲೆಯನ್ನು ಮಗಳ ಫೋಟೋದ ಮುಂದೆ ಎಡೆಯಾಗಿಟ್ಟು, ದೀಪ ಹಚ್ಚಿ, ಬಾಗಿಲು ಮುಚ್ಚಿ, ಅವಳು ಉಂಡು ಮುಗಿಸುವವರೆಗೂ ಇಬ್ಬರೂ ಹೊರಗೆ ನಿಂತರು.