ರೋಗಿಯ ಕಡೆಯವರು

“ಕಳ್ಳ ಹೊರಗಿನವನಲ್ಲ ಮೇಡಂ,” ಆಸ್ಪತ್ರೆಯ ಮ್ಯಾನೇಜರ್ ಬಾಗಿಲು ಮುಚ್ಚಿ ಪಿಸುಗುಟ್ಟಿದರು. ಅವರ ಗದ್ದ ಗಾಜಿನಾಚೆ ಕೌಂಟರಿನಲ್ಲಿ ಕೂತವಳತ್ತ ತಿರುಗಿತ್ತು. “ಡಯಾಲಿಸಿಸ್ ಸರದಿ ತೋರಿಸೋ ಸ್ಕ್ರೀನಿಂದ ಹೋದ ವಾರದಿಂದ ಹೆಸರುಗಳು ಮಾಯ. ಜನ ಬಂದು ಕಾದು ಕೂತರೂ ಕರೆಯೋರಿಲ್ಲ. ಆದ್ರೆ ನಮ್ಮ ಕೌಂಟರಮ್ಮನ ಹತ್ರ ಹೋಗಿ ಗೋಗರೆದ್ರೆ ಹೆಸರು ತಿರುಗಿ ಬರುತ್ತೆ. ಸರದಿ ಮಾರ್ಕೊಳ್ತಿದ್ದಾಳೆ. ಸಂಜೆಯೊಳಗೆ ಒಂದು ಸಾಕ್ಷಿ ಹುಡುಕಿ ಕೊಡಿ, ನಾಳೆಯಿಂದ ಮನೇಲಿರ್ತಾಳೆ.”

ಸಾಫ್ಟ್‌ವೇರ್ ಕಂಪನಿಯಿಂದ ಬಂದಿದ್ದ ಪ್ರೋಗ್ರಾಮರ್ ಲ್ಯಾಪ್‌ಟಾಪ್ ತೆರೆದಳು. ಡೇಟಾಬೇಸಿನಲ್ಲಿ ಒಂದು ಹೆಸರೂ ಅಳಿಸಿಹೋಗಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಸಾಲಿನಲ್ಲಿ ಗಟ್ಟಿಯಾಗಿ ಕೂತಿದ್ದರು. ಸ್ಕ್ರೀನಿಗೆ ಮಾತ್ರ ಬರುತ್ತಿರಲಿಲ್ಲ. ಅವಳು ಡೇಟಾಬೇಸಿನ ಇನ್ನೊಂದು ಟೇಬಲ್ ತೆರೆದಳು. ರೋಗಿಗಳ ಜೊತೆಗಾರರ ವಿವರ ಅಲ್ಲಿತ್ತು. ಒಂದೇ ಮೊಬೈಲ್ ನಂಬರ್ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಕೌಂಟರಮ್ಮನದು ಎಂದು ಮ್ಯಾನೇಜರ್ ಗುರುತಿಸಿದರು. ಒಬ್ಬರಿಗೆ ಮಗಳು, ಇನ್ನೊಬ್ಬರಿಗೆ ನಾದಿನಿ, ಮತ್ತೊಬ್ಬರಿಗೆ ಚಿಕ್ಕಮ್ಮ.

“ಅಬ್ಬಬ್ಬಾ! ಇಷ್ಟು ದೊಡ್ಡ ಬಳಗ ಇಟ್ಕೊಂಡು ಒಂದು ಮದುವೆ ಊಟಕ್ಕೂ ನಮ್ಮನ್ನ ಕರೀಲಿಲ್ವಲ್ಲ!” ಮ್ಯಾನೇಜರ್ ಕೈ ಉಜ್ಜಿಕೊಂಡರು. “ಒಳಗೆ ಕರೀಲಾ?”

“ತಡೀರಿ ಸಾರ್.” ಅವಳಿಗೂ ಅನುಮಾನ ಗಟ್ಟಿಯಾಗಿತ್ತು. ಆದರೆ ಹೆಸರನ್ನು ಅಳಿಸದೆ ಮಾಯ ಮಾಡುವುದು ಹೇಗೆಂದು ತಿಳಿಯಬೇಕಿತ್ತು. ಜಾವಾ ಕೋಡಿಗೂ ಡೇಟಾಬೇಸಿಗೂ ನಡುವೆ ದಲ್ಲಾಳಿಯ ಹಾಗೆ ಕೂತ ಫ್ರೇಮ್‌ವರ್ಕು ಬೇಕಾದ್ದನ್ನು ತಂದುಕೊಡುತ್ತದೆ, ಏನೆಂದು ಕೇಳಿ ತಂದಿತೆಂದು ಹೇಳುವುದಿಲ್ಲ. ಒಂದು ಸೆಟ್ಟಿಂಗ್ ಬದಲಿಸಿ ಅದರ ಬಾಯಿ ಬಿಡಿಸಿದಳು. ಅದು ಡೇಟಾಬೇಸಿಗೆ ಹಾಕುತ್ತಿದ್ದ ಪ್ರಶ್ನೆ, ಕ್ವೆರಿ, ಉದ್ದಕ್ಕೆ ಬಿಚ್ಚಿಕೊಂಡಿತು. ರೋಗಿ ಮತ್ತು ಜೊತೆಗಾರ, ಎರಡೂ ಟೇಬಲ್ಲುಗಳಲ್ಲಿ ಜೋಡಿ ಸಿಕ್ಕವರನ್ನಷ್ಟೇ ಅದು ಒಳಗೆ ಬಿಟ್ಟುಕೊಳ್ಳುತ್ತಿತ್ತು. ಹೋದ ವಾರದ ಬದಲಾವಣೆಯಲ್ಲಿ ಜೊತೆಗಾರ ಕಡ್ಡಾಯ ಎಂದು ಯಾರೋ ಕೋಡಿನಲ್ಲಿ ಗುರುತು ಹಾಕಿದ್ದರು. ಪ್ರತಿಯೊಬ್ಬರಿಗೂ ಯಾರಾದರೂ ಇದ್ದೇ ಇರುತ್ತಾರೆಂದು ಫ್ರೇಮ್‌ವರ್ಕು ನಂಬಿಬಿಟ್ಟಿತ್ತು. ಯಾರೂ ಇಲ್ಲದವರು ಅದರ ಲೆಕ್ಕಕ್ಕೇ ಇರಲಿಲ್ಲ.

“ಕಡ್ಡಾಯ ಮಾಡಿ ಅಂದಿದ್ದು ನಾನೇ,” ಎಂದರು ಮ್ಯಾನೇಜರ್, ಸ್ವಲ್ಪವೂ ಅಳುಕದೆ. “ಹೆಚ್ಚುಕಮ್ಮಿ ಆದ್ರೆ ಯಾರನ್ನ ಕರೀಬೇಕು? ಅದಿರಲಿ, ಇವಳು ಯಾಕೆ ಎಲ್ಲರಿಗೂ ನೆಂಟಳಾದಳು? ಬಿಟ್ಟಿ ಯಾರಾಗ್ತಾರೆ ಮೇಡಂ?”

“ಅವರನ್ನೇ ಕೇಳೋಣ ಸಾರ್,” ಎಂದಳು ಪ್ರೋಗ್ರಾಮರ್. ಕೌಂಟರಮ್ಮನನ್ನು ಕರೆಸಿದರು. ಅವಳು ಬಾಗಿಲ ಬಳಿಯೇ ನಿಂತಳು.

“ಜೊತೆಗಾರರ ಜಾಗ ಖಾಲಿ ಬಿಟ್ರೆ ಹೆಸರು ಬರ್ತಿರ್ಲಿಲ್ಲ ಸಾರ್, ತುಂಬಿದ್ರೆ ಬರ್ತಿತ್ತು. ನಿಮ್ಮ ಕಡೆ ಯಾರಿದ್ದಾರೆ ಅಂತ ಕೇಳಿದ್ರೆ ಕೆಲವರು ನೆಲ ನೋಡ್ತಾರೆ. ಅದಕ್ಕೆ ನನ್ನದೇ ಹಾಕ್ದೆ.”

“ನನಗೆ ಹೇಳೋಕೇನಾಗಿತ್ತು?”

“ಹೇಳಿದ್ದೆ. ಮೊದಲು ನೆಟ್ಟಗೆ ಟೈಪ್ ಮಾಡೋದು ಕಲಿ ಅಂದ್ರಿ.”

“ಆಹಾ! ಅವರ ಹತ್ರ ಏನು ತಗೊಂಡೆ, ಅದನ್ನ ಹೇಳು.”

“ಏನಿದೆ ಸಾರ್ ತಗೊಳ್ಳೋಕೆ, ಕಾಯಿಲೆನಾ?”

ಪ್ರೋಗ್ರಾಮರ್ ತಲೆಯೆತ್ತಲಿಲ್ಲ. ‘ಕಡ್ಡಾಯ’ವನ್ನು ತೆಗೆದು, ಜೊತೆಗಾರರಿಲ್ಲದಿದ್ದರೂ ರೋಗಿಯನ್ನು ಬಿಡಬೇಡ ಎಂದು ಬರೆದು, ಸರ್ವರನ್ನು ಮತ್ತೆ ಚಾಲೂ ಮಾಡಿದಳು. ಗೋಡೆಯ ಸ್ಕ್ರೀನಿನಲ್ಲಿ ಹೆಸರುಗಳು ಒಂದರ ಕೆಳಗೊಂದು ಬಂದು ನಿಂತವು. ಈಗ ತಿರುಗಿ ಬಂದ ಹೆಸರುಗಳ ಪಕ್ಕ ಜೊತೆಗಾರರ ಜಾಗ ಖಾಲಿ.

“ಆಯ್ತಲ್ಲ? ಈಗ ಇವಳ ಸುಳ್ಳು ನೆಂಟಸ್ತಿಕೆ ಎಲ್ಲಾ ಅಳಿಸಿಬಿಡಿ. ಇವಳನ್ನ ಇಟ್ಕೊಳ್ಳೋದೋ ಬೇಡವೋ ಆಮೇಲೆ ನೋಡೋಣ. ನನಗಿನ್ನೂ ನಂಬಿಕೆ ಇಲ್ಲ.”

ಅಳಿಸುವ ಆಜ್ಞೆಯನ್ನು ಪ್ರೋಗ್ರಾಮರ್ ಬರೆದು ಮುಗಿಸಿದಳು. ಒತ್ತುವುದೊಂದೇ ಬಾಕಿ. ಅಷ್ಟರಲ್ಲಿ ಕೌಂಟರಮ್ಮನ ಮೊಬೈಲ್ ಹೊಡೆದುಕೊಂಡಿತು. ಎತ್ತಿದಳು. ಡಯಾಲಿಸಿಸ್ ಕೋಣೆಯ ನರ್ಸಿನ ದನಿ ಫೋನಿನಿಂದಲೂ ಗೋಡೆಯಾಚೆಯಿಂದಲೂ ಒಟ್ಟಿಗೇ ಕೇಳಿಸಿತು. “ಕಿಟಕಿ ಪಕ್ಕದ ಹಾಸಿಗೆಯ ಅಜ್ಜನ ಕಡೆಯವರಾ? ಉಸಿರು ಸರಿಯಿಲ್ಲ. ಯಾರಾದ್ರೂ ಬೇಗ ಬನ್ನಿ.”

ಕೌಂಟರಮ್ಮ ಮ್ಯಾನೇಜರರ ಮುಖವನ್ನಾಗಲಿ ಲ್ಯಾಪ್‌ಟಾಪನ್ನಾಗಲಿ ನೋಡಲಿಲ್ಲ.

“ಮಗಳು ಮಾತಾಡ್ತಿರೋದು,” ಎಂದಳು, ಆಗಲೇ ಅರ್ಧ ಓಡುತ್ತ. “ಬಂದೆ.”