ಟೈಲರಮ್ಮನ ಮಗ

“ಏಳಮ್ಮ! ಮಾತು ಬಾರದ ನಿನ್ನ ಮಗ ನಿನ್ನೆ ಬಾಯಿ ಬಿಟ್ಟಿದ್ದು ನನಗೆ ಧ್ಯಾನದಲ್ಲಿ ಕೇಳಿಸ್ತು. ಎಲ್ಲರಿಗೂ ಹೇಳು,” ಎಂದರು ವೇದಿಕೆಯಿಂದ ಗುರುಗಳು.

ಟೈಲರಮ್ಮ ಎದ್ದಳು. ಅವಳಿಗೆ ಮಕ್ಕಳೇ ಇರಲಿಲ್ಲ. ಹೋದ ವಾರ ಇದೇ ಸಭೆಯ ಬಾಗಿಲಲ್ಲಿ ಬೆಣ್ಣೆಯಂಥ ಮಾತಾಡಿ ಎಲ್ಲರ ಕಷ್ಟ ವಿಚಾರಿಸುತ್ತಿದ್ದ ಹುಡುಗಿಯ ಮೇಲೆ ಅನುಮಾನ ಬಂದು, ಬೇಕೆಂದೇ ಮೂಗ ಮಗನೊಬ್ಬನ ಕಥೆ ಕಟ್ಟಿದ್ದಳು. ಗಾಳ ನುಂಗಿದನಲ್ಲ ಮಹಾನುಭಾವ! ಇವತ್ತು ಇವನ ಬಣ್ಣ ಬಯಲು ಮಾಡಿಯೇ ಸೈ ಎಂದು ಮೈಕು ಕಸಿದುಕೊಂಡಳು. ಕ್ಯಾಮೆರಾ ಅವಳತ್ತ ತಿರುಗಿತು.

ಅಷ್ಟರಲ್ಲಿ ಪಕ್ಕದ ಹೆಂಗಸು ಅವಳ ಸೆರಗು ಹಿಡಿದು ಜಗ್ಗಿದಳು. ಆ ಹೆಂಗಸಿನ ತೊಡೆಯ ಮೇಲಿದ್ದ ಮಗ ಅಮ್ಮನ ಗಲ್ಲ ತಟ್ಟಿ, ಸನ್ನೆಯಲ್ಲೇ ನೀರು ಕೇಳುತ್ತಿದ್ದ.

“ಇವನಿಗೂ ಮಾತು ಬರಲ್ಲ ಅಕ್ಕಾ. ನಿಮ್ಮ ಮಗ ಮೊದ್ಲು ಏನಂದ?”

ಟೈಲರಮ್ಮ ಆ ಹುಡುಗನತ್ತ ನೋಡಿದಳು.

“ಅಮ್ಮಾ ಅಂದ,” ಎಂದಳು, ಮೈಕಿನಲ್ಲಿ.