ಟ್ಯೂಬಿನ ಗೆರೆ

ನುಣ್ಣನೆಯ ಕಣಗಳೂ ಪಾಲಿಮರೂ ಬೆರೆತ ದ್ರವ ಟ್ಯೂಬಿನೊಳಗೆ ಎರಡು ಪದರವಾಗಿತ್ತು. ನಡುವೆ ತೆಳ್ಳನೆಯ ಗೆರೆ. ನನ್ನ ಪಿಎಚ್.ಡಿ. ಆ ಗೆರೆಯ ಮೇಲೆ ನಿಂತಿತ್ತು.

"ಇದು ನಂದು ಸರ್. ಇವ್ರು ಲೇಬಲ್ ಕಿತ್ತು ತಮ್ಮ ಹೆಸರು ಅಂಟಿಸ್ಕೊಂಡಿದ್ದಾರೆ," ಎಂದ ಪಕ್ಕದ ಮೇಜಿನ ಪುಂಡಲೀಕ.

"ಏನಮ್ಮ, ನಿಜಾನಾ?" ನಮ್ಮ ಗೈಡ್ ದನಿಯಲ್ಲಿ ಆಗಲೇ ತೀರ್ಪಿತ್ತು.

ನಾನು ಟ್ಯೂಬನ್ನು ಎತ್ತಿಕೊಂಡು ಜೋರಾಗಿ ಕುಲುಕಿದೆ. ಗೆರೆ ಅಳಿಸಿಹೋಗಿ ಎಲ್ಲವೂ ಬೆಳ್ಳಗಾಯಿತು.

"ನೋಡಿ ಸರ್, ಹೊಟ್ಟೆಕಿಚ್ಚಿಗೆ ಕಲಸಿ ಹಾಕಿದ್ರು. ನನ್ನ ಆರು ತಿಂಗಳ ಕೆಲಸ ಹಾಳಾಯ್ತು," ಎಂದು ಪುಂಡಲೀಕ ಕೂಗಾಡಿದ. "ಇನ್ನು ಆ ಗೆರೆ ಎಲ್ಲಿಂದ ಬರುತ್ತೆ?"

"ಮಾಡಿದವರಿಗೆ ಗೊತ್ತಿರುತ್ತೆ ಸರ್. ಊಟ ಮುಗಿಸಿ ಬನ್ನಿ," ಎಂದೆ.

ಗೈಡ್ ಊಟ ಮುಗಿಸಿ ಬಂದಾಗ ಗೆರೆ ತಾನಾಗಿಯೇ ಮತ್ತೆ ಮೊದಲಿನ ಜಾಗದಲ್ಲೇ ಮೂಡಿತ್ತು. ಪುಂಡಲೀಕ ಇರಲಿಲ್ಲ.